‘ಕುಡಿದದ್ದು ಬರೆಯಲೇಬೇಕಾ ಮೇಡಂ?’: ಕರಾವಳಿಯ ಕ್ಯಾಂಪಸ್‌ಗಳಲ್ಲಿ ಮಡಚಿಟ್ಟ ದೂರುಗಳು

ಶನಿವಾರ ರಾತ್ರಿ ನಡೆದದ್ದನ್ನು ಹೇಳಲು ಅವಳು ನನ್ನ ಕೋಣೆಗೆ ಬಂದದ್ದು ಮಂಗಳವಾರ ಮಧ್ಯಾಹ್ನ. ಹೊರಗೆ ಜುಲೈ ತಿಂಗಳ ಮಳೆ. ಒದ್ದೆ ಕೊಡೆಯನ್ನು ಬಾಗಿಲ ಹೊರಗೆ ಇಡುವುದನ್ನು ಮರೆತು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ಚೂಡಿದಾರದಿಂದ ನೀರು ಇಳಿದು ಕುರ್ಚಿಯ ಕೆಳಗೆ ನಿಂತಿತ್ತು. ಆಗ ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ, ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ದೂರು ಸಮಿತಿಯಲ್ಲಿದ್ದೆ. ದೂರು ಬರಹದಲ್ಲಿ ಬೇಕು ಎಂದು ಬಿಳಿ ಹಾಳೆ ಕೊಟ್ಟೆ. ನಾಲ್ಕು ಸಾಲು ಬರೆದು, ಪೆನ್ನು ನಿಲ್ಲಿಸಿ ಕೇಳಿದಳು: ‘ಕುಡಿದದ್ದು ಬರೆಯಲೇಬೇಕಾ ಮೇಡಂ? ಬರೆದ್ರೆ ಮನೆಗೆ ಫೋನ್ ಹೋಗ್ತದಾ?’

ನನ್ನ ಹತ್ತಿರ ಧೈರ್ಯವಾಗಿ ಕೊಡಬಹುದಾದ ಉತ್ತರ ಇರಲಿಲ್ಲ. ಸಮಿತಿಯ ಕಲಾಪ ಗೋಪ್ಯ, ಅದನ್ನು ಹೇಳಿದೆ. ಆದರೆ ಅದೇ ಕಾಲೇಜಿನ ಹಾಸ್ಟೆಲ್ ನಿಯಮಗಳಲ್ಲಿ, ಮದ್ಯ ಸೇವಿಸಿದವರನ್ನು ಹಾಸ್ಟೆಲ್‌ನಿಂದ ತೆಗೆದು ಪೋಷಕರನ್ನು ಕರೆಸಲಾಗುವುದು ಎಂದು ದಪ್ಪಕ್ಷರದಲ್ಲಿತ್ತು. ಶಿಸ್ತು ಸಮಿತಿಯಲ್ಲಿದ್ದ ಇಬ್ಬರು ನಮ್ಮ ಸಮಿತಿಯಲ್ಲೂ ಇದ್ದರು. ಅವಳಿಗೆ ಅದು ಗೊತ್ತಿತ್ತು. ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿ, ‘ಒಮ್ಮೆ ಯೋಚನೆ ಮಾಡಿ ಬರ್ತೇನೆ’ ಎಂದಳು. ಬರಲಿಲ್ಲ. ಪರೀಕ್ಷೆ ಬರೆದು ಊರಿಗೆ ಹೋದಳು. ಅವಳು ಹೆಸರಿಸಿದ ಹುಡುಗ ಅದೇ ವರ್ಷ ಪದವಿ ಮುಗಿಸಿದ.

ಮಂಗಳೂರು, ಉಡುಪಿ, ಮಣಿಪಾಲದಲ್ಲಿ ವಿದ್ಯಾರ್ಥಿನಿಯರ ಸುರಕ್ಷತೆಯ ಮಾತು ಬಂದಾಗಲೆಲ್ಲ ನನಗೆ ಆ ಮಡಚಿದ ಹಾಳೆ ನೆನಪಾಗುತ್ತದೆ. ಕುಡಿತವೇ ಅಪಾಯ ಎಂದು ಊರು ಹೇಳುತ್ತದೆ. ಕುಡಿತ ಅಪಾಯ ಹೌದು, ಅದು ಹೇಗೆ ಎಂಬುದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಆದರೆ ಇಷ್ಟು ವರ್ಷ ಪಾಠ ಮಾಡಿ, ಸಮಿತಿಗಳಲ್ಲಿ ಕೂತು ನನಗೆ ಮನದಟ್ಟಾದದ್ದು ಬೇರೆ. ‘ನಾನು ಕುಡಿದಿದ್ದೆ’ ಎಂದು ಹೇಳಲು ಇರುವ ಹೆದರಿಕೆಯೇ ಇಲ್ಲಿ ಅತ್ಯಾಚಾರಿಗೆ ಸಿಗುವ ಅತಿ ದೊಡ್ಡ ರಕ್ಷಣೆ. ಆ ಹೆದರಿಕೆಯನ್ನು ಬೀದಿ, ಮನೆ, ಹಾಸ್ಟೆಲ್, ಒಮ್ಮೊಮ್ಮೆ ನ್ಯಾಯಾಲಯವೂ ಸೇರಿ ಕಟ್ಟಿವೆ.

ಬೀದಿಯಿಂದಲೇ ಶುರು ಮಾಡೋಣ. 2009ರ ಜನವರಿ 24ರಂದು ಶ್ರೀರಾಮ ಸೇನೆಯ ಹೆಸರಿನಲ್ಲಿ ಬಂದ ಗುಂಪು ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ದಾಳಿಯಾಯಿತು. 2022ರ ಜುಲೈನಲ್ಲಿ ಬಲ್ಮಠದ ಪಬ್‌ನಲ್ಲಿ ವಿದ್ಯಾರ್ಥಿಗಳ ಪಾರ್ಟಿಯನ್ನು ನಿಲ್ಲಿಸಿ ಎಬ್ಬಿಸಿ ಕಳಿಸಿದರು. 2023ರ ಜೂನ್ 1ರಂದು ಸೋಮೇಶ್ವರ ಕಡಲತೀರದಲ್ಲಿ ವೈದ್ಯಕೀಯ ವಿದ್ಯಾರ್ಥಿನಿಯರ ಜೊತೆಗಿದ್ದ ಹುಡುಗರಿಗೆ ಹೊಡೆದರು. ಕೆಲವೇ ದಿನಗಳಲ್ಲಿ ಗೃಹ ಸಚಿವರು ಮಂಗಳೂರಿಗೆ ಬಂದು ನೈತಿಕ ಪೊಲೀಸ್‌ಗಿರಿ ತಡೆಗೆ ಪ್ರತ್ಯೇಕ ಪೊಲೀಸ್ ಘಟಕ ಮಾಡುವುದಾಗಿ ಘೋಷಿಸಿದರು. ಈ ನಡುವೆ ಪಬ್ ದಾಳಿಯ ಆರೋಪಿಗಳು 2018ರಲ್ಲಿ, ಹೋಂಸ್ಟೇ ಪ್ರಕರಣದ ಆರೋಪಿಗಳು 2024ರಲ್ಲಿ ಖುಲಾಸೆಯಾದರು.

ಈ ದಾಳಿಗಳಿಂದ ಹುಡುಗಿಯರು ಕಲಿತದ್ದೇನು? ಕೈಯಲ್ಲಿ ಲೋಟ ಇದ್ದಾಗ ಯಾರಿಗಾದರೂ ಕಂಡರೆ ಏಟು ತನಗೇ ಬೀಳುತ್ತದೆ ಎಂಬುದನ್ನು. ಮನೆಯಲ್ಲಿ ಟಿವಿ ನೋಡುತ್ತಾ ಅಪ್ಪ ಅಮ್ಮ ‘ಅಲ್ಲಿಗೆಲ್ಲ ಹೋದ್ರೆ ಹೀಗೇ ಆಗುದು’ ಎಂದರು. ಆ ಮಾತನ್ನು ಪಕ್ಕದ ಕೋಣೆಯಲ್ಲಿ ಓದುತ್ತಾ ಕೂತ ಮಗಳು ಕೇಳಿಸಿಕೊಂಡಳು. ಮುಂದೆ ಹತ್ತು ವರ್ಷದ ನಂತರ ಅವಳಿಗೇ ಏನಾದರೂ ಆದಾಗ ಅವಳು ಮೊದಲು ನೆನೆಸಿಕೊಳ್ಳುವುದು ಆ ಮಾತನ್ನೇ.

ಕುಡಿತವೇನೂ ಕರಾವಳಿಗೆ ಹೊರಗಿನಿಂದ ಬಂದದ್ದಲ್ಲ. ಶೇಂದಿ ಇಳಿಸುವ ಕಸುಬು ಇಲ್ಲಿಯದು, ದೈವದ ಸೇವೆಯಲ್ಲಿ ಕಳ್ಳಿಗೆ ಜಾಗವಿದೆ, ಕ್ರೈಸ್ತರ ಮದುವೆಯಲ್ಲಿ ವೈನಿನ ಲೋಟ ಎತ್ತಿ ವಧೂವರರಿಗೆ ಹಾರೈಸುತ್ತಾರೆ. ಹುಡುಗರು ಕುಡಿದರೆ ‘ಪ್ರಾಯ, ಸರಿ ಹೋಗ್ತಾನೆ’ ಎನ್ನುವ ಸಹನೆ ಎಲ್ಲ ಜಾತಿ, ಎಲ್ಲ ಧರ್ಮದ ಮನೆಗಳಲ್ಲೂ ಇದೆ. ಹುಡುಗಿಯ ವಿಷಯಕ್ಕೆ ಬಂದಾಗ ಮಾತ್ರ ಅದೇ ಲೋಟ ಅವಳ ನಡತೆಯ ಪ್ರಮಾಣಪತ್ರವಾಗುತ್ತದೆ.

ಕರ್ನಾಟಕದಲ್ಲಿ ಮದ್ಯ ಮಾರುವ ಪರವಾನಗಿಯ ನಿಯಮಗಳ ಪ್ರಕಾರ 21 ದಾಟದವರಿಗೆ ಮದ್ಯ ಕೊಡುವಂತಿಲ್ಲ. 2023ರ ಆರಂಭದಲ್ಲಿ ಆ ವಯಸ್ಸನ್ನು 18ಕ್ಕೆ ಇಳಿಸುವ ಕರಡು ಬಂದು, ಆಕ್ಷೇಪಗಳು ಹೆಚ್ಚಾಗಿ ಸರ್ಕಾರ ಅದನ್ನು ಕೈಬಿಟ್ಟಿತು. ಅಂದರೆ ಪದವಿ ತರಗತಿಯ ಬಹುಪಾಲು ಮಕ್ಕಳು ಕುಡಿದರೆ ಅದು ನಿಯಮದ ಹೊರಗೆ. ಪಬ್‌ಗೆ ಹೋದರೆ ಗುರುತಿನ ಚೀಟಿ ಕೇಳುತ್ತಾರೆ, ಜೊತೆಗೆ ಯಾರಾದರೂ ವಿಡಿಯೊ ಮಾಡಿಯಾರು ಎಂಬ ಭಯ. ಹಾಗೆಂದು ಕುಡಿಯುವುದು ನಿಂತಿದೆಯೇ? ನಿಂತಿಲ್ಲ, ಜಾಗ ಬದಲಾಗಿದೆ. ಅತ್ತಾವರ, ಫಳ್ನೀರಿನ ಬಾಡಿಗೆ ಫ್ಲ್ಯಾಟ್‌ಗಳಿಗೆ, ಮಣಿಪಾಲದ ಅಪಾರ್ಟ್‌ಮೆಂಟ್‌ಗಳಿಗೆ, ಊರ ಹೊರಗಿನ ಹೋಂಸ್ಟೇಗಳಿಗೆ, ನಿಲ್ಲಿಸಿದ ಕಾರಿನೊಳಕ್ಕೆ ಹೋಗಿದೆ. ಪಬ್‌ನಲ್ಲಿ ಬೆಳಕಿದೆ, ಸಪ್ಲೈಯರ್ ಇದ್ದಾನೆ, ಸಿಸಿಟಿವಿ ಇದೆ, ಬೇರೆ ಟೇಬಲ್‌ಗಳಲ್ಲಿ ಜನ ಇದ್ದಾರೆ. ಗೆಳೆಯನ ಗೆಳೆಯನ ಫ್ಲ್ಯಾಟ್‌ನಲ್ಲಿ ಇವು ಯಾವುದೂ ಇಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆ, ಅಷ್ಟೆ. ಹೆಣ್ಣುಮಕ್ಕಳನ್ನು ರಕ್ಷಿಸುತ್ತೇವೆ ಎಂದವರು ಅವರನ್ನು ನಾಲ್ಕು ಜನ ಇರುವ ಜಾಗದಿಂದ ಎಬ್ಬಿಸಿ ಯಾರೂ ನೋಡದ ಜಾಗಕ್ಕೆ ತಳ್ಳಿದ್ದಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಹಾಸ್ಟೆಲ್ ಗೇಟು ಸೇರುತ್ತದೆ. ಒಂಬತ್ತೂವರೆಗೆ ಗೇಟು ಹಾಕುವ ಹಾಸ್ಟೆಲ್ ಎಂದುಕೊಳ್ಳಿ. ಹುಡುಗಿ ಹಂಪನಕಟ್ಟೆಯಲ್ಲಿ ಊಟ ಮುಗಿಸಿ ಹೊರಡುವಾಗ ಒಂಬತ್ತಾಗಿದೆ. ಆ ಹೊತ್ತಿಗೆ ಸಿಟಿ ಬಸ್ಸು ಅಪರೂಪ. ರಿಕ್ಷಾ ಸಿಕ್ಕಿ ಗೇಟಿಗೆ ಬರುವಾಗ ಹತ್ತು ನಿಮಿಷ ತಡ. ವಾಚ್‌ಮ್ಯಾನ್ ರಿಜಿಸ್ಟರ್ ತೆರೆಯುತ್ತಾನೆ. ‘ತಡವಾಗಿ ಬಂದವರು’ ಎಂಬ ಪುಟದಲ್ಲಿ ಹೆಸರು, ಸಮಯ, ಕಾರಣ, ಸಹಿ. ಮೂರು ಸಹಿಯಾದರೆ ಮನೆಗೆ ಪತ್ರ. ಈಗಾಗಲೇ ಎರಡು ಸಹಿ ಇರುವ ಹುಡುಗಿ ಗೇಟಿನವರೆಗೆ ಬರುವುದೇ ಇಲ್ಲ. ‘ಫ್ರೆಂಡ್ ಮನೆಯಲ್ಲಿ ಉಳಿದೆ’ ಎಂದು ಮರುದಿನ ಹೇಳಿದರಾಯಿತು ಎಂದು ರಾತ್ರಿಯಿಡೀ ಹೊರಗೇ ಉಳಿಯುತ್ತಾಳೆ. ಹತ್ತು ನಿಮಿಷದ ತಡವನ್ನು ಹತ್ತು ಗಂಟೆಯ ಅಪಾಯವಾಗಿ ಮಾಡುವುದು ಆ ರಿಜಿಸ್ಟರ್. ಕುಡಿದವಳಾದರಂತೂ ಬಾಯಿಯ ವಾಸನೆ ಹೋಗುವವರೆಗೆ ಅವಳು ಹಾಸ್ಟೆಲ್ ಕಡೆ ತಲೆ ಹಾಕುವುದಿಲ್ಲ, ಅಂದರೆ ಅವಳಿಗೆ ಸುರಕ್ಷಿತ ಜಾಗ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಆ ಜಾಗ ಮುಚ್ಚಿರುತ್ತದೆ.

ಅತ್ಯಾಚಾರ ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಕತ್ತಲು, ನಿರ್ಜನ ರಸ್ತೆ, ಅಪರಿಚಿತ. 2013ರ ಜೂನ್‌ನಲ್ಲಿ ಮಣಿಪಾಲದಲ್ಲಿ ಗ್ರಂಥಾಲಯದಿಂದ ಮರಳುತ್ತಿದ್ದ ವೈದ್ಯಕೀಯ ವಿದ್ಯಾರ್ಥಿನಿಯನ್ನು ರಿಕ್ಷಾದಲ್ಲಿ ಅಪಹರಿಸಿದ ಪ್ರಕರಣ ಈ ಚಿತ್ರವನ್ನು ನಮ್ಮೊಳಗೆ ಆಳವಾಗಿ ಕೊರೆದಿದೆ. 2015ರಲ್ಲಿ ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಪ್ರಕರಣದ ಭೀಕರತೆಯನ್ನು ಕಿರಿದು ಮಾಡುವ ಉದ್ದೇಶ ನನಗಿಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಗಳು ವರ್ಷ ವರ್ಷವೂ ಹೇಳುವುದು ಒಂದೇ: ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ. 2019ರಲ್ಲಿ ಪುತ್ತೂರಿನ ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ ಬಂಧಿತರಾದ ಐವರೂ ಕಾಲೇಜು ವಿದ್ಯಾರ್ಥಿಗಳು. ದೂರು ದಾಖಲಾದದ್ದು ಘಟನೆ ನಡೆದು ತಿಂಗಳುಗಳ ನಂತರ, ಕೃತ್ಯದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ಮೇಲೆ. ಅಷ್ಟು ದಿನ ಒಬ್ಬ ಹುಡುಗಿ ಅದನ್ನು ಒಳಗೇ ಇಟ್ಟುಕೊಂಡು ಬದುಕಿದ್ದಳು. ಬೀದಿದೀಪ, ಸಿಸಿಟಿವಿ, ಬಯೋಮೆಟ್ರಿಕ್ ಹಾಜರಾತಿ ಎಲ್ಲವನ್ನೂ ಅಪರಿಚಿತನನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕುತ್ತೇವೆ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವವನ ಮುಂದೆ ಅವು ಕೆಲಸಕ್ಕೆ ಬರುವುದಿಲ್ಲ.

ಇನ್ನು ಕುಡಿತ ಮೈಯೊಳಗೆ ಮಾಡುವ ಕೆಲಸ. ಇದನ್ನು ತಿಳಿಯದೆ ದೂರು ಕೇಳಲು ಕೂತವರು ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಬೇಗ ಬೇಗ ಕುಡಿದಾಗ ರಕ್ತದಲ್ಲಿ ಮದ್ಯದ ಪ್ರಮಾಣ ಒಮ್ಮೆಲೇ ಏರುತ್ತದೆ. ಮಿದುಳಿನಲ್ಲಿ ಹೊಸ ನೆನಪುಗಳನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಆಗ ಕೆಲಸ ನಿಲ್ಲಿಸುತ್ತದೆ. ಇದೇ ಬ್ಲ್ಯಾಕ್‌ಔಟ್. ಪ್ರಜ್ಞೆ ತಪ್ಪಿ ಬೀಳುವುದು ಬೇರೆ, ಇದು ಬೇರೆ. ಬ್ಲ್ಯಾಕ್‌ಔಟ್ ಆದವಳು ನಡೆಯುತ್ತಾಳೆ, ಮಾತಾಡುತ್ತಾಳೆ, ಲಿಫ್ಟಿನ ಬಟನ್ ಒತ್ತುತ್ತಾಳೆ, ಫೋನ್ ತೆಗೆದು ನೋಡುತ್ತಾಳೆ. ಮರುದಿನ ಅದು ಯಾವುದೂ ನೆನಪಿರುವುದಿಲ್ಲ, ಯಾಕೆಂದರೆ ನೆನಪು ದಾಖಲಾಗಿಯೇ ಇಲ್ಲ. ಕೆಲವರಿಗೆ ತುಣುಕು ತುಣುಕಾಗಿ ಉಳಿಯುತ್ತದೆ: ಫ್ಯಾನಿನ ಸದ್ದು, ಗೋಡೆಯ ಬಣ್ಣ, ಯಾರದೋ ನಗು. ಮಂಗಳವಾರ ಬಂದ ಆ ಹುಡುಗಿ ಬರೆದ ನಾಲ್ಕು ಸಾಲಿನಲ್ಲಿ ಹಸಿರು ಕರ್ಟನ್ ಎರಡು ಸಲ ಬಂದಿತ್ತು. ಸಮಯ ಒಮ್ಮೆಯೂ ಇರಲಿಲ್ಲ. ‘ಕರ್ಟನ್ ನೆನಪಿದೆ, ಗಂಟೆ ನೆನಪಿಲ್ವಾ’ ಎಂದು ವಿಚಾರಣೆಯಲ್ಲಿ ಯಾರಾದರೂ ಕೇಳಿದ್ದರೆ ಅದು ಸುಳ್ಳು ಹಿಡಿಯುವ ಜಾಣ ಪ್ರಶ್ನೆಯಂತೆ ಕೇಳಿಸುತ್ತಿತ್ತು. ನಿಜದಲ್ಲಿ ಮದ್ಯ ಮತ್ತು ಆಘಾತ ಎರಡೂ ನೆನಪನ್ನು ಹರಿಯುವುದು ಹೀಗೆಯೇ.

ಅಷ್ಟೇ ತೂಕದ ಹುಡುಗ ಹುಡುಗಿ ಅಷ್ಟೇ ಕುಡಿದರೂ ಹುಡುಗಿಯ ರಕ್ತದಲ್ಲಿ ಮದ್ಯದ ಪ್ರಮಾಣ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಹೆಣ್ಣಿನ ದೇಹದಲ್ಲಿ ನೀರಿನ ಅಂಶ ಕಡಿಮೆ ಇರುವುದು ಇದಕ್ಕೊಂದು ಕಾರಣ. ಪಾನೀಯದಲ್ಲಿ ಏನೋ ಬೆರೆಸಿದರು ಎಂಬ ಸುದ್ದಿಗಳು ಬರುತ್ತವೆ, ಅಂಥವು ನಡೆಯುವುದೂ ಉಂಟು. ಆದರೆ ಹೀಗೆ ಅಮಲೇರಿಸಿ ಎಸಗುವ ಲೈಂಗಿಕ ದೌರ್ಜನ್ಯಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ವಸ್ತು ಮದ್ಯವೇ. ಜ್ಯೂಸಿನಲ್ಲಿ ವೋಡ್ಕಾ ಹೆಚ್ಚು ಸುರಿದು ‘ಇದರಲ್ಲಿ ಏನೂ ಇಲ್ಲ, ಕುಡಿ’ ಎನ್ನುವವನಿಗೆ ಬೇರೆ ಪುಡಿ ಬೇಕಾಗಿಲ್ಲ. ಹುಡುಗನ ಕಡೆಯಿಂದ ನೋಡಿದರೆ, ಅಮಲಿನಲ್ಲಿ ಮನಸ್ಸು ತನಗೆ ಬೇಕಾದ್ದನ್ನು ಮಾತ್ರ ಹಿಡಿದುಕೊಂಡು ಉಳಿದ ಸೂಚನೆಗಳನ್ನು ಬಿಟ್ಟುಬಿಡುತ್ತದೆ ಎಂದು ಮನಃಶಾಸ್ತ್ರಜ್ಞರು ಹೇಳುತ್ತಾರೆ. ಅವಳು ಮುಖ ತಿರುಗಿಸಿದ್ದು ಕಾಣುವುದಿಲ್ಲ, ನಕ್ಕದ್ದು ಕಾಣುತ್ತದೆ. ಇದು ವಿವರಣೆ, ವಿನಾಯಿತಿ ಅಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ಊರಿಗಿಂತ ಸ್ಪಷ್ಟವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ, ಹಳೆಯ ದಂಡ ಸಂಹಿತೆಯ 375ರಂತೆಯೇ, ಅಮಲಿನಿಂದಾಗಿ ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆ, ಅದರ ಪರಿಣಾಮವೇನು ಎಂದು ತಿಳಿಯಲಾಗದ ಸ್ಥಿತಿಯಲ್ಲಿರುವ ಹೆಣ್ಣಿನ ‘ಹೂಂ’ ಒಪ್ಪಿಗೆಯೇ ಅಲ್ಲ ಎನ್ನುತ್ತದೆ. ಆ ಅಮಲು ಅವಳೇ ಕುಡಿದು ಬಂದದ್ದೋ, ಅವನು ಕುಡಿಸಿದ್ದೋ ಎಂಬ ಭೇದ ಅಲ್ಲಿಲ್ಲ. ಒಪ್ಪಿಗೆ ಎಂದರೆ ಸ್ಪಷ್ಟವಾದ, ಸ್ವಇಚ್ಛೆಯ ಸಮ್ಮತಿ. ಮೈಯಿಂದ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳು ಎನ್ನುವಂತಿಲ್ಲ ಎಂದೂ ಬರೆದಿದೆ. ಒಂದು ಗುಟುಕು ಕುಡಿದ ಮಾತ್ರಕ್ಕೆ ಒಪ್ಪಿಗೆ ಅನೂರ್ಜಿತ ಎಂದು ಕಾನೂನು ಹೇಳುವುದಿಲ್ಲ. ಅವಳಿಗೆ ತಿಳಿಯುವ ಶಕ್ತಿ ಇತ್ತೇ ಎಂಬುದನ್ನು ಸಾಕ್ಷ್ಯದಿಂದ ತೀರ್ಮಾನಿಸಬೇಕು. ಅದಕ್ಕೇ ಜೊತೆಗಿದ್ದ ಗೆಳೆಯರ ಮಾತು, ರಿಕ್ಷಾ ಚಾಲಕನ ಮಾತು, ಅರ್ಧಕ್ಕೆ ನಿಂತ ವಾಟ್ಸ್‌ಆಪ್ ಸಂದೇಶಗಳು ಮುಖ್ಯವಾಗುತ್ತವೆ.

ಇನ್ನು ಅವನ ಅಮಲು. ಅದೇ ಸಂಹಿತೆಯ 24ನೇ ಕಲಂ ಪ್ರಕಾರ, ತಾನಾಗಿ ಕುಡಿದವನನ್ನು ಕುಡಿಯದಿದ್ದರೆ ಎಷ್ಟು ತಿಳಿವಳಿಕೆ ಇರುತ್ತಿತ್ತೋ ಅಷ್ಟೇ ತಿಳಿವಳಿಕೆ ಇದ್ದವನೆಂದು ಪರಿಗಣಿಸಬೇಕು. ‘ಅಮಲಿನಲ್ಲಿದ್ದೆ, ಗೊತ್ತಾಗಲಿಲ್ಲ’ ಎಂಬುದು ಅವನಿಗೆ ಗುರಾಣಿಯಾಗುವುದಿಲ್ಲ. ಊರಿನ ರೂಢಿ ಇದಕ್ಕೆ ತದ್ವಿರುದ್ಧ. ಹುಡುಗ ಕುಡಿದಿದ್ದರೆ ‘ಪಾಪ, ಗೊತ್ತಾಗದೆ ಆಯ್ತು’. ಹುಡುಗಿ ಕುಡಿದಿದ್ದರೆ ‘ಕೇಳಿಕೊಂಡು ಬಂದದ್ದು’. ಒಂದೇ ಬಾಟಲಿ ಅವನ ತಪ್ಪನ್ನು ಅರ್ಧ ಮಾಡುತ್ತದೆ, ಅವಳ ತಪ್ಪನ್ನು ಇಮ್ಮಡಿ ಮಾಡುತ್ತದೆ. ಆಂತರಿಕ ದೂರು ಸಮಿತಿಗಳಲ್ಲಿ, ವಿದ್ಯಾವಂತರ ಬಾಯಲ್ಲಿ, ಈ ಎರಡೂ ಮಾತುಗಳನ್ನು ಒಂದೇ ಸಭೆಯಲ್ಲಿ ನಾನು ಕೇಳಿದ್ದೇನೆ.

ನ್ಯಾಯಾಲಯಗಳೂ ಈ ರೂಢಿಯಿಂದ ಪೂರ್ತಿ ಹೊರಬಂದಿಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಅತ್ಯಾಚಾರ ಪ್ರಕರಣದಲ್ಲಿ ನಿರೀಕ್ಷಣಾ ಜಾಮೀನು ಕೊಡುವಾಗ, ದೂರುದಾರಳು ಆರೋಪಿಯ ಜೊತೆ ಮದ್ಯ ಸೇವಿಸಲು ಆಕ್ಷೇಪಿಸಲಿಲ್ಲ ಎಂಬುದನ್ನು ಎತ್ತಿ ಹೇಳಿತು. ಕೃತ್ಯದ ನಂತರ ದಣಿದು ನಿದ್ದೆ ಹೋದೆ ಎಂಬ ಅವಳ ಮಾತು ಭಾರತೀಯ ಹೆಣ್ಣಿಗೆ ಒಪ್ಪುವಂಥದ್ದಲ್ಲ ಎಂದೂ ಹೇಳಿತು. ದೇಶದಾದ್ಯಂತ ವಿರೋಧ ಬಂದ ಮೇಲೆ ಆ ಟಿಪ್ಪಣಿಯನ್ನು ತೆಗೆದುಹಾಕಲಾಯಿತು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಜಾಮೀನು ಆದೇಶಗಳಲ್ಲಿ ಹೆಣ್ಣಿನ ಉಡುಗೆ, ನಡತೆ, ಹಿಂದಿನ ಬದುಕಿನ ಚರ್ಚೆ ಕೂಡದು ಎಂದು ಸ್ಪಷ್ಟ ನಿರ್ದೇಶನ ಕೊಟ್ಟಿತು. ಆದರೂ 2025ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟ್, ದೆಹಲಿಯ ಬಾರ್‌ನಲ್ಲಿ ಕುಡಿದಿದ್ದ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ ಅವಳೇ ತೊಂದರೆಯನ್ನು ಆಹ್ವಾನಿಸಿಕೊಂಡಳು ಎಂದಿತು. ಸುಪ್ರೀಂ ಕೋರ್ಟ್ ಮರು ತಿಂಗಳೇ ಅದಕ್ಕೆ ಅಸಮಾಧಾನ ವ್ಯಕ್ತಪಡಿಸಿತು. ನ್ಯಾಯಮೂರ್ತಿಗಳ ಬಾಯಲ್ಲೇ ಈ ಮಾತು ಬಂದರೆ, ಹತ್ತೊಂಬತ್ತರ ಹುಡುಗಿ ಹಾಳೆ ಮಡಚಿಟ್ಟದ್ದರಲ್ಲಿ ಆಶ್ಚರ್ಯವೇನಿದೆ?

ಅಮೆರಿಕದ ಕ್ಯಾಂಪಸ್‌ಗಳು ಈ ವಿಷಯದಲ್ಲಿ ನಮಗಿಂತ ಮೊದಲು ಪೆಟ್ಟು ತಿಂದಿವೆ, ಕೆಲವು ಪಾಠ ಕಲಿತಿವೆ. 2019ರಲ್ಲಿ ಅಲ್ಲಿನ 33 ವಿಶ್ವವಿದ್ಯಾಲಯಗಳಲ್ಲಿ ನಡೆದ ಸಮೀಕ್ಷೆಯಲ್ಲಿ, ಬಲವಂತದಿಂದ ಅಥವಾ ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವು ಎಂದವರು ನೂರಕ್ಕೆ 13 ಮಂದಿ. ವಿದ್ಯಾರ್ಥಿಗಳ ನಡುವಿನ ಇಂಥ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇಬ್ಬರಲ್ಲಿ ಒಬ್ಬರಾದರೂ ಕುಡಿದಿರುತ್ತಾರೆ ಎಂಬುದು ಅಲ್ಲಿನ ಸಂಶೋಧಕರ ಲೆಕ್ಕ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕುಖ್ಯಾತ ಪ್ರಕರಣವೊಂದರ ನಂತರ, 2016ರಲ್ಲಿ, ಪದವಿ ವಿದ್ಯಾರ್ಥಿಗಳ ಪಾರ್ಟಿಗಳಲ್ಲಿ ಸ್ಪಿರಿಟ್ ಮದ್ಯವನ್ನು ನಿಷೇಧಿಸಿತು. ಬಾಟಲಿಯ ಮೇಲೆ ಗೂಬೆ ಕೂರಿಸಿ ಅಪರಾಧಿಯನ್ನು ಬದಿಗೆ ಸರಿಸಿದಂತಾಯಿತು ಎಂಬ ಟೀಕೆ ಆಗಲೇ ಬಂತು. ನ್ಯೂಯಾರ್ಕ್ ರಾಜ್ಯ ಬೇರೆ ದಾರಿ ಹಿಡಿಯಿತು. 2015ರ ಅಲ್ಲಿನ ಕಾನೂನಿನ ಪ್ರಕಾರ, ಲೈಂಗಿಕ ದೌರ್ಜನ್ಯವನ್ನು ಪ್ರಾಮಾಣಿಕವಾಗಿ ವರದಿ ಮಾಡಲು ಬಂದ ಸಂತ್ರಸ್ತರ ಮೇಲಾಗಲಿ ಪ್ರತ್ಯಕ್ಷದರ್ಶಿಗಳ ಮೇಲಾಗಲಿ, ಆ ಹೊತ್ತಿಗೆ ಕುಡಿದಿದ್ದರು ಎಂಬ ಕಾರಣಕ್ಕೆ ಕಾಲೇಜು ಶಿಸ್ತು ಕ್ರಮ ಜರುಗಿಸುವಂತಿಲ್ಲ. ಎರಡು ದಾರಿಗಳಲ್ಲಿ ನಮ್ಮ ಊರಿಗೆ ಬೇಕಾದದ್ದು ಎರಡನೆಯದು.

ನಮ್ಮಲ್ಲೇ ಇರುವ ನಿಯಮಗಳಾದರೂ ಜಾರಿಯಲ್ಲಿದ್ದಿದ್ದರೆ ಅರ್ಧ ಕೆಲಸ ಆಗುತ್ತಿತ್ತು. ಕ್ಯಾಂಪಸ್‌ಗಳಲ್ಲಿ ಲೈಂಗಿಕ ಕಿರುಕುಳ ತಡೆಯಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಡಿದ 2015ರ ನಿಯಮಾವಳಿ 2016ರಲ್ಲಿ ಜಾರಿಗೆ ಬಂತು. ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಬೇಕು, ಅಧ್ಯಕ್ಷತೆ ಹಿರಿಯ ಮಹಿಳಾ ಅಧ್ಯಾಪಕಿಯದು, ಹೊರಗಿನ ಸದಸ್ಯರೊಬ್ಬರು ಇರಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು ಸಮಿತಿಯಲ್ಲಿರಬೇಕು, ಅವರನ್ನು ಪಾರದರ್ಶಕವಾಗಿ ಚುನಾಯಿಸಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬಹುದು, ಸಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಧ್ಯಯನ ಪ್ರವಾಸ, ಕಾಲೇಜು ಉತ್ಸವ, ಕ್ರೀಡಾಕೂಟ, ಕಾಲೇಜು ಬಸ್ಸು ಇವೆಲ್ಲ ಕ್ಯಾಂಪಸ್ಸೇ. ಗಂಡು ವಿದ್ಯಾರ್ಥಿಗಳು, ತೃತೀಯ ಲಿಂಗಿಗಳು ಕೂಡ ದೂರು ಕೊಡಬಹುದು. ಹಾಸ್ಟೆಲ್‌ಗಳಲ್ಲಿ ಹುಡುಗರ ಮೇಲೂ ದೌರ್ಜನ್ಯ ನಡೆಯುತ್ತದೆ, ಹೊಸ ನ್ಯಾಯ ಸಂಹಿತೆಯ ಅತ್ಯಾಚಾರದ ಕಲಂ ಅವರನ್ನು ಒಳಗೊಳ್ಳುವುದಿಲ್ಲ. ಹಾಗಾಗಿ ಅವರಿಗೆ ಈ ಸಮಿತಿ ಇನ್ನೂ ಮುಖ್ಯ.

ಆ ನಿಯಮಾವಳಿಯಲ್ಲಿ ನಮ್ಮ ವಾರ್ಡನ್‌ಗಳು, ಆಡಳಿತ ಮಂಡಳಿಗಳು ಓದಲೇಬೇಕಾದ ಒಂದು ಸಾಲಿದೆ: ವಿದ್ಯಾರ್ಥಿನಿಯರ ಸುರಕ್ಷತೆಯ ನೆಪದಲ್ಲಿ ಹುಡುಗರ ಹಾಸ್ಟೆಲ್‌ಗೆ ಇಲ್ಲದ ತಾರತಮ್ಯದ ನಿಯಮಗಳನ್ನು ಹುಡುಗಿಯರ ಹಾಸ್ಟೆಲ್ ಮೇಲೆ ಹೇರುವಂತಿಲ್ಲ. ಹುಡುಗರ ಹಾಸ್ಟೆಲ್ ಗೇಟು ಹನ್ನೊಂದಕ್ಕೆ, ಹುಡುಗಿಯರದ್ದು ಒಂಬತ್ತೂವರೆಗೆ ಮುಚ್ಚುವ ಪ್ರತಿ ಕಾಲೇಜೂ ಈ ಸಾಲನ್ನು ಮುರಿಯುತ್ತಿದೆ. ಖಾಸಗಿ ಪಿಜಿಗಳ ಮೇಲೆ ಈ ನಿಯಮಾವಳಿಯ ಹಿಡಿತವಿಲ್ಲ, ಮಂಗಳೂರಿನ ಸಾವಿರಾರು ಮಕ್ಕಳು ಇರುವುದು ಅಲ್ಲೇ ಎಂಬುದು ಬೇರೆಯೇ ದೊಡ್ಡ ತೊಡಕು.

ನನ್ನ ಅನುಭವದಲ್ಲಿ ಸಮಿತಿಗಳು ಸೋಲುವುದು ಇನ್ನೂ ಸಣ್ಣ ಜಾಗಗಳಲ್ಲಿ. ಕುಡಿಯುವ ನೀರಿನ ಫಿಲ್ಟರ್ ಪಕ್ಕ ಅಂಟಿಸಿದ ಸದಸ್ಯರ ಪಟ್ಟಿಯಲ್ಲಿ ಇಬ್ಬರು ನಿವೃತ್ತರಾಗಿರುತ್ತಾರೆ, ಫೋನ್ ನಂಬರ್ ಹಳೆಯದಾಗಿರುತ್ತದೆ. ವಿದ್ಯಾರ್ಥಿ ಪ್ರತಿನಿಧಿಯನ್ನು ಚುನಾಯಿಸುವ ಬದಲು ಪ್ರಾಂಶುಪಾಲರಿಗೆ ಹತ್ತಿರದ ಹುಡುಗಿಯ ಹೆಸರು ಬರೆದಿರುತ್ತಾರೆ. ಘಟನೆ ನಡೆದದ್ದು ಹೊರಗಿನ ಫ್ಲ್ಯಾಟಿನಲ್ಲಿ ಎಂದ ಕೂಡಲೇ ‘ಅದು ನಮ್ಮ ವ್ಯಾಪ್ತಿ ಅಲ್ಲ’ ಎನ್ನುತ್ತಾರೆ. ಆದರೆ ಸೋಮವಾರ ಬೆಳಿಗ್ಗೆ ಅವಳೂ ಅವನೂ ಕೂರುವುದು ಒಂದೇ ತರಗತಿಯಲ್ಲಿ, ಲ್ಯಾಬ್‌ನಲ್ಲಿ ಒಂದೇ ಬ್ಯಾಚಿನಲ್ಲಿ. ವಿಚಾರಣೆ ಮುಗಿಯುವವರೆಗೆ ಸೆಕ್ಷನ್ ಬದಲಿಸಲು, ಅವನನ್ನು ದೂರವಿರಿಸಲು, ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಲು ನಿಯಮಾವಳಿಯಲ್ಲೇ ಅವಕಾಶವಿದೆ. ಇವನ್ನು ಬಳಸಲು ಪೊಲೀಸ್ ಠಾಣೆಯ ಅನುಮತಿ ಬೇಕಿಲ್ಲ.

ಮಂಗಳವಾರದವರೆಗೆ ಕಾದದ್ದರಿಂದ ಅವಳು ಕಳೆದುಕೊಂಡದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ರಕ್ತದಲ್ಲಿ ಮದ್ಯ ಉಳಿಯುವುದು ಕೆಲವೇ ಗಂಟೆ, ಪಾನೀಯದಲ್ಲಿ ಬೆರೆಸುವ ಕೆಲವು ಅಮಲು ವಸ್ತುಗಳು ಮೂತ್ರದಲ್ಲೂ ಹನ್ನೆರಡು ಗಂಟೆಯ ನಂತರ ಸಿಗುವುದಿಲ್ಲ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಗರ್ಭನಿರೋಧಕ ಮಾತ್ರೆಯೂ ಬೇಗ ತೆಗೆದುಕೊಂಡಷ್ಟು ಒಳ್ಳೆಯದು. ದೇಹದ ಮೇಲಿನ ಸಾಕ್ಷ್ಯ ನಾಲ್ಕು ದಿನ ದಾಟಿದರೆ ಸಿಗುವುದು ಕಷ್ಟ. ಸ್ನಾನ ಮಾಡದೆ, ಅಂದಿನ ಬಟ್ಟೆಗಳನ್ನು ಒಗೆಯದೆ ಕಾಗದದ ಚೀಲದಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಹೋಗುವುದು ಮೊದಲ ಹೆಜ್ಜೆ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಹಾಳಾಗುತ್ತದೆ, ನಮ್ಮ ಮಳೆಗಾಲದಲ್ಲಂತೂ ಇನ್ನೂ ಬೇಗ. ವೆನ್ಲಾಕ್, ಲೇಡಿಗೋಷನ್‌ನಂಥ ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿ ಮೆಡಿಕಲ್ ಕಾಲೇಜು ಆಸ್ಪತ್ರೆಯಿರಲಿ, ಅತ್ಯಾಚಾರ ಸಂತ್ರಸ್ತೆಗೆ ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಪೊಲೀಸ್ ದೂರು ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ, ನಿರಾಕರಿಸಿದರೆ ಶಿಕ್ಷೆಯಿದೆ. ಹೆಣ್ಣಿಗೆ ಮೊದಲೇ ಲೈಂಗಿಕ ಅನುಭವವಿತ್ತೇ ಎಂದು ನೋಡಲು ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ ತಿರಸ್ಕರಿಸಿದೆ. ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು, ‘ಅದು ಕೊಣಾಜೆ ಠಾಣೆಯ ವ್ಯಾಪ್ತಿ’ ಎಂದು ಅಲೆಸುವಂತಿಲ್ಲ. 112ಕ್ಕೆ, ಮಹಿಳಾ ಸಹಾಯವಾಣಿ 181ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಜಿಲ್ಲೆಯ ಸಖಿ ಕೇಂದ್ರದಲ್ಲಿ ಆಪ್ತ ಸಮಾಲೋಚನೆ, ಕಾನೂನು ನೆರವು ಒಂದೇ ಸೂರಿನಡಿ ಸಿಗುತ್ತದೆ. ಇಷ್ಟೆಲ್ಲ ಇದ್ದೂ, ಬಾಯಿ ಬಿಡಲು ಮೂರು ದಿನ ಬೇಕಾದವಳಿಗೆ ಇದರಲ್ಲಿ ಎಷ್ಟು ದಕ್ಕೀತು?

ಹಾಗಾಗಿ ನಾನು ಕೇಳುವುದು ಒಂದು ಸಾಲು. ಪ್ರತಿ ಕಾಲೇಜಿನ, ಪ್ರತಿ ಹಾಸ್ಟೆಲ್‌ನ ನಿಯಮ ಪುಸ್ತಕದಲ್ಲಿ, ಮದ್ಯ ನಿಷೇಧದ ಸಾಲಿನ ಕೆಳಗೇ, ಅದೇ ದಪ್ಪಕ್ಷರದಲ್ಲಿ: ‘ಲೈಂಗಿಕ ದೌರ್ಜನ್ಯದ ದೂರು ಕೊಡಲು ಅಥವಾ ತುರ್ತು ವೈದ್ಯಕೀಯ ನೆರವು ಕೇಳಲು ಬಂದ ಯಾವ ವಿದ್ಯಾರ್ಥಿಯ ಮೇಲೂ, ಆ ಹೊತ್ತಿನಲ್ಲಿ ಕುಡಿದಿದ್ದಕ್ಕಾಗಿ ಅಥವಾ ತಡವಾಗಿ ಬಂದಿದ್ದಕ್ಕಾಗಿ ಶಿಸ್ತು ಕ್ರಮ ಇರುವುದಿಲ್ಲ, ಅವರ ಒಪ್ಪಿಗೆಯಿಲ್ಲದೆ ಮನೆಗೆ ತಿಳಿಸುವುದಿಲ್ಲ.’ ಹದಿನೆಂಟು ತುಂಬದವರ ವಿಷಯದಲ್ಲಿ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಬೇರೆ ಹೊಣೆ ಹೊರಿಸುತ್ತದೆ, ಅದನ್ನು ಪಾಲಿಸಬೇಕು. ಪದವಿ ತರಗತಿಯ ಬಹುಪಾಲು ಮಕ್ಕಳು ವಯಸ್ಕರು.

ಪೋಷಕರ ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬ ತಂದೆ ಎದ್ದು ನಿಂತು ಕೇಳಿದರು: ‘ಕುಡಿಯಲಿಕ್ಕೆ ನೀವೇ ಲೈಸೆನ್ಸ್ ಕೊಟ್ಟ ಹಾಗೆ ಆಗುದಿಲ್ವಾ?’ ಅವರ ಆತಂಕ ನನಗೆ ಅರ್ಥವಾಗುತ್ತದೆ, ನನಗೂ ಮಗಳಿದ್ದಾಳೆ. ಅವರಿಗೆ ಹೆದ್ದಾರಿಯ ಉದಾಹರಣೆ ಕೊಟ್ಟೆ. ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್, ಕೋರ್ಟು ಎಂದು ಅಲೆಯಬೇಕಾಗುತ್ತದೆ ಎಂದು ಜನ ಗಾಡಿ ನಿಲ್ಲಿಸದೆ ಹೋಗುತ್ತಿದ್ದ ಕಾಲವಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಾದವರಿಗೆ ತೊಂದರೆ ಕೊಡಬಾರದೆಂಬ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು, 2019ರಲ್ಲಿ ಅದು ಮೋಟಾರು ವಾಹನ ಕಾಯ್ದೆಯೊಳಗೇ ಸೇರಿತು. ಅದರಿಂದ ಅಪಘಾತಕ್ಕೆ ಲೈಸೆನ್ಸ್ ಕೊಟ್ಟಂತಾಯಿತು ಎಂದು ಯಾರೂ ಹೇಳಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದ್ರೆ ನಮಗೆ ಹೇಳದೆ ಇರುದು ಹೇಗೆ ಮೇಡಂ’ ಎಂದರು. ಮಗಳು ಮೊದಲು ಬದುಕಿ ಬಾಗಿಲೊಳಗೆ ಬರಲಿ, ನಿಮಗೆ ಹೇಳುವ ಧೈರ್ಯವನ್ನು ನಾವೇ ಅವಳ ಪಕ್ಕ ಕೂತು ತುಂಬುತ್ತೇವೆ ಎಂದೆ. ಒಪ್ಪಿದರೋ ಇಲ್ಲವೋ ತಿಳಿಯದು.

ಕಳೆದ ಜೂನ್‌ನಲ್ಲಿ ಮೊದಲ ವರ್ಷದ ತರಗತಿಯಲ್ಲಿ ಆ ಸಾಲನ್ನು ಓದಿ ಹೇಳಿದೆ, ಇದು ನಿಯಮವಲ್ಲ, ನಿಯಮವಾಗಬೇಕು ಎಂದು ನಾನು ಕೇಳುತ್ತಿರುವುದು ಎಂದೂ ಹೇಳಿದೆ. ಪೀರಿಯಡ್ ಮುಗಿದ ಮೇಲೆ ಸುಳ್ಯ ಕಡೆಯ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ‘ಮೇಡಂ, ಅವಳಲ್ಲ, ಅವಳನ್ನು ಅಲ್ಲಿಂದ ಕರ್ಕೊಂಡು ಬಂದವ ಕುಡಿದಿದ್ರೆ? ಅವನಿಗೂ ಉಂಟಾ ಇದು?’

ಇರಬೇಕು ಎಂದೆ.

‘ಹಾಗಾದ್ರೆ ಅದನ್ನೂ ಬರೆದು ಕೊಡಿ’ ಎಂದ. ಬರೆದು ಕೊಡುವ ಅಧಿಕಾರ ನನ್ನದಲ್ಲ, ಆಡಳಿತ ಮಂಡಳಿಯದು. ಅವನು ಹೇಳಿದ ತಿದ್ದುಪಡಿಯನ್ನು ಸೇರಿಸಿ ಮನವಿಯನ್ನು ಮತ್ತೆ ಟೈಪ್ ಮಾಡಿ ಆ ವಾರವೇ ಕೊಟ್ಟಿದ್ದೇನೆ. ಸಹಿ ಇನ್ನೂ ಆಗಿಲ್ಲ.